ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿದ್ರೆ ಫಾರ್ಮ್ಯಾಟ್ ಮಾಡು ಅಂತಿದೆ, ಒಳಗಿರೋದನ್ನ ಹೊರಗೆ ತೆಗೆಯೋದು ಹೆಂಗೆ?

ಮಸಿಕಡ್ಡಿ
ಎಲ್ರಿಗೂ ನಮಸ್ಕಾರ. 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಚಿಕ್ಕದು, ಬೇರೆ ಅಡಾಪ್ಟರ್ ಬೇಡ, ಯುಎಸ್‌ಬಿಯಿಂದಾನೇ ಓಡೋದು. ಕೆಲವು ದಿನದಿಂದ ಸ್ವಲ್ಪ ನಿಧಾನ ಆಗಿತ್ತು, ಫೋಲ್ಡರ್ ಓಪನ್ ಮಾಡಿದ್ರೆ ಮೇಲ್ಗಡೆ ಆ ಹಸಿರು ಪಟ್ಟಿ ತೆವಳ್ಕೊಂಡು ಹೋಗ್ತಿತ್ತು. ಈಗ ಚುಚ್ಚಿದ್ರೆ ವಿಂಡೋಸ್ "ಈ ಡಿಸ್ಕ್ ಬಳಸೋ ಮುಂಚೆ ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ?" ಅಂತ ಕೇಳ್ತಿದೆ. ಕ್ಯಾನ್ಸಲ್ ಒತ್ತಿ ಸುಮ್ನೆ ಕೂತಿದೀನಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸೈಜ್ ಸರಿಯಾಗೇ ಬರ್ತಿದೆ, 931 ಜಿಬಿ, ಆದ್ರೆ ಎನ್‌ಟಿಎಫ್‌ಎಸ್ ಅಂತ ಇರ್ಬೇಕಾದ ಕಡೆ "ರಾ" ಅಂತಿದೆ. ಒಳಗೆ ಮನೆಯವರ ಹಳೇ ಫೋಟೊ, ಅಜ್ಜಿ ಹಾಡಿದ ಹಾಡುಗಳ ರೆಕಾರ್ಡಿಂಗು, ತಂಗಿ ಥೀಸಿಸ್‌ಗೆ ಮಾಡ್ಕೊಂಡಿದ್ದ ನೋಟ್ಸು ಎಲ್ಲ ಇದೆ. ಏನ್ ಮಾಡ್ಲಿ ಹೇಳಿ, ಬ್ಯಾಕಪ್ ಬಗ್ಗೆ ಭಾಷಣ ಆಮೇಲೆ ಕೇಳ್ತೀನಿ.

ತರಾತುರಿ
ಅಯ್ಯೋ ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ಓಪನ್ ಮಾಡಿ, ಚೆಕ್‌ಡಿಸ್ಕ್ ಅನ್ನೋ ವಿಂಡೋಸ್ ರಿಪೇರಿ ಕಮಾಂಡನ್ನ ಎಫ್ ಆಪ್ಷನ್ ಜೊತೆ ಕೊಡಿ, ಆಗ್ಲಿಲ್ಲ ಅಂದ್ರೆ ಆರ್ ಕೊಡಿ. ನನ್ನ ಪೆನ್‌ಡ್ರೈವ್ ಎಷ್ಟೋ ಸಲ ಹಿಂಗೇ ಆಗಿ ಸರಿ ಹೋಗಿದೆ.

ತಿರುಗೋತಟ್ಟೆ
ಮಸಿಕಡ್ಡಿ ಅವ್ರೇ, ದಯವಿಟ್ಟು ಮೇಲಿನದು ಈಗ್ಲೇ ಮಾಡ್ಬೇಡಿ. ತರಾತುರಿ ಅವ್ರು ಒಳ್ಳೇ ಮನಸ್ಸಿಂದಾನೇ ಹೇಳಿದಾರೆ, ಆದ್ರೆ ಚೆಕ್‌ಡಿಸ್ಕ್ ಕೆಲ್ಸ ನಿಮ್ಮ ಫೈಲ್ ಉಳಿಸೋದಲ್ಲ, ಫೈಲ್ ಸಿಸ್ಟಮ್‌ನ ಲೆಕ್ಕ, ಅಂದ್ರೆ ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಸರಿ ಮಾಡೋದು. ಲೆಕ್ಕಕ್ಕೆ ಸಿಗದ ಸಾಮಾನನ್ನೆಲ್ಲ ಬೀದಿಗೆ ಹಾಕಿ ಮನೆ ಓರಣ ಮಾಡ್ದೆ ಅನ್ನೋ ಥರ. ತಲೆಬುಡ ಇಲ್ಲದ ತುಂಡುಗಳನ್ನ ಫೌಂಡ್ ಡಾಟ್ 000 ಅನ್ನೋ ಅಡಗಿಸಿಟ್ಟ ಫೋಲ್ಡರ್‌ಗೆ ಸಿಎಚ್‌ಕೆ ಅನ್ನೋ ಎಕ್ಸ್‌ಟೆನ್ಷನ್ ಕೊಟ್ಟು ತುಂಬುತ್ತೆ, ಹೆಸ್ರು ಹೋಯ್ತು, ಫೋಲ್ಡರ್ ಹೋಯ್ತು. ಅದಕ್ಕಿಂತ ಮುಖ್ಯ, ಎಲ್ಲವನ್ನೂ ಅದೇ ಡಿಸ್ಕ್ ಮೇಲೇ ಬರೆಯುತ್ತೆ, ಅನ್‌ಡೂ ಇಲ್ಲ. ಆರ್ ಕೊಟ್ರೆ ಇನ್ನೂ ಕಷ್ಟ, ಸಾಯ್ತಿರೋ ಡಿಸ್ಕ್‌ನ ಪ್ರತಿ ಸೆಕ್ಟರೂ (ಡೇಟಾ ಕೂರೋ ಒಂದೊಂದು ಸಣ್ಣ ತುಂಡು ಜಾಗ) ಓದಿಸುತ್ತೆ, ಅದೂ ಒಂದೇ ಒಂದು ಫೈಲೂ ನಿಮ್ಮ ಕೈಗೆ ಕೊಡದೆ.

ಅಂದಹಾಗೆ ವಿಂಡೋಸ್‌ಗೇ ಅದು ರಾ, ಅಂದ್ರೆ ಗುರುತು ಸಿಗದ ಫೈಲ್ ಸಿಸ್ಟಮ್ ಅಂತ ಅನ್ನಿಸಿದ್ರೆ ಚೆಕ್‌ಡಿಸ್ಕ್ "ರಾ ಡ್ರೈವ್‌ಗೆ ನಾನು ಬರಲ್ಲ" ಅಂತ ಹೇಳಿ ನಿಂತ್ಕೊಳ್ಳುತ್ತೆ. ಅದೊಂದು ಪುಣ್ಯ.

ಮೊದ್ಲು ಗೊತ್ತಾಗ್ಬೇಕಾಗಿರೋದು ಒಂದೇ, ಕೆಟ್ಟಿರೋದು ಲೆಕ್ಕಾನಾ ಯಂತ್ರಾನಾ. ಲೆಕ್ಕ ಅಂದ್ರೆ ಕಾಪಿ ಆಗೋವಾಗ ಕೇಬಲ್ ಕಿತ್ತಿದ್ದು, ಕರೆಂಟ್ ಹೋಗಿದ್ದು, ಬೂಟ್ ಸೆಕ್ಟರ್ ಕೆಟ್ಟಿದ್ದು, ಇಂಥವು. ಯಂತ್ರ ಅಂದ್ರೆ ಹೆಡ್ಡು, ಮೋಟರು, ತಟ್ಟೆ ಮೇಲಿನ ಬ್ಯಾಡ್ ಸೆಕ್ಟರು. ಎರಡಕ್ಕೂ ಪರದೆ ಮೇಲೆ ಬರೋ ಮೆಸೇಜ್ ಒಂದೇ, ಅದಕ್ಕೇ ಜನ ಮೋಸ ಹೋಗೋದು. ನೀವು "ಕೆಲವು ದಿನದಿಂದ ನಿಧಾನ" ಅಂದಿದೀರಲ್ಲ, ಅದು ನನಗೆ ಇಷ್ಟ ಆಗ್ಲಿಲ್ಲ.

ಮೂರು ವಿಷ್ಯ ತಿಳಿಸಿ. ಚುಚ್ಚಿದಾಗ ಶಬ್ದ ಹೆಂಗಿದೆ, ಟಕ್ ಟಕ್ ಅಂತ ಒಂದೇ ತಾಳದಲ್ಲಿ ಬಡೀತಿದ್ಯಾ ಅಥವಾ ಬೀಪ್ ಅಂತ ಕೊರಗ್ತಿದ್ಯಾ? ಯಾವಾಗಾದ್ರೂ ಕೆಳಗೆ ಬಿದ್ದಿತ್ತಾ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಫ್ರೀ ಟೂಲಲ್ಲಿ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರ್ಕೊಳ್ಳೋ ಲೆಕ್ಕ) ಓದಿ 05, ಸಿ5, ಸಿ6, ಸಿ7 ಸಾಲುಗಳಲ್ಲಿ ಏನಿದೆ? ಶಬ್ದ ಬರ್ತಿದ್ರೆ ಮೂರನೇದು ಬೇಡ, ಈಗ್ಲೇ ಕಿತ್ತಿಡಿ.

ಅರೆಬೈಟ್
ನಂದೊಂದು ಸೇರಿಸ್ತೀನಿ, ಕೇಬಲ್ ಮತ್ತೆ ಪೋರ್ಟ್ ಬದಲಿಸಿ ನೋಡಿ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, 3.0 ಆದ್ರೆ 900. ತಟ್ಟೆ ತಿರುಗೋಕೆ ಶುರುವಾಗೋ ಆ ಕ್ಷಣದಲ್ಲಿ ಕೆಲವು ಡಿಸ್ಕ್ ಅದಕ್ಕಿಂತ ಜಾಸ್ತಿ ಎಳೆಯುತ್ತೆ. ಹಬ್ ಮೂಲಕ, ಉದ್ದದ ಕೇಬಲ್ ಮೂಲಕ ಹಾಕಿದ್ರೆ ಪವರ್ ಸಾಲದೇ ಟಕ್ ಟಕ್ ಅನ್ನೋದೂ ಉಂಟು, ಡಿಸ್ಕಿಗೆ ಏನೂ ಆಗಿರಲ್ಲ. ಚಿಕ್ಕ ಕೇಬಲ್, ಕಂಪ್ಯೂಟರ್ ಹಿಂದಿನ ಪೋರ್ಟ್, ಒಂದೇ ಒಂದು ಸಲ. ಅಷ್ಟಕ್ಕೂ ಬಡಿದ್ರೆ ನಿಲ್ಸಿ.

ಮಸಿಕಡ್ಡಿ
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಕೇಬಲ್ ಬದಲಿಸಿದೆ, ಅದೇ ಮೆಸೇಜು. ಶಬ್ದ ಮಾಮೂಲಿ ಗುಂಯ್ ಅನ್ನೋದೇ, ಬಡಿಯೋದಿಲ್ಲ, ಆದ್ರೆ ಮಧ್ಯೆ ಮಧ್ಯೆ ಒಂದು ಸಣ್ಣ ಕಿರ್ ಅಂದು ನಿಂತ್ಕೊಂಡು ಮತ್ತೆ ಓಡುತ್ತೆ. ಬಿದ್ದಿದ್ದು ನನಗೆ ಗೊತ್ತಿದ್ದ ಹಾಗೆ ಇಲ್ಲ. ಸ್ಮಾರ್ಟಲ್ಲಿ ಹಳದಿ ಬಣ್ಣ ಬಂದು "ಕಾಷನ್" ಅಂತಿದೆ. 05ರಲ್ಲಿ ಕೊನೇಗೆ 10, ಸಿ5ರಲ್ಲಿ ಸೊನ್ನೆಗಳ ಸಾಲಾಗಿ ಕೊನೇಗೆ ಎ8 ಅಂತಿದೆ, ಸಿ6ರಲ್ಲೂ ಎ8, ಸಿ7 ಪೂರ್ತಿ ಸೊನ್ನೆ. ಎ8 ಅಂದ್ರೆ ಏನೋ ಎರರ್ ಕೋಡಾ?

ತಿರುಗೋತಟ್ಟೆ
ಎರರ್ ಕೋಡ್ ಅಲ್ಲ, ಆ ಟೂಲು ಸಂಖ್ಯೆಗಳನ್ನ ಹೆಕ್ಸಾಡೆಸಿಮಲ್‌ನಲ್ಲಿ ತೋರ್ಸುತ್ತೆ. ಎ8 ಅಂದ್ರೆ 168, 10 ಅಂದ್ರೆ 16. ಸಿ5 ಅಂದ್ರೆ ಓದೋಕೆ ಆಗದೇ "ನೋಡೋಣ" ಅಂತ ಬಾಕಿ ಇಟ್ಕೊಂಡಿರೋ ಸೆಕ್ಟರ್‌ಗಳು, 05 ಅಂದ್ರೆ ಆಗ್ಲೇ ಕೈಬಿಟ್ಟು ಬದಲಿ ಜಾಗಕ್ಕೆ ಸಾಗಿಸಿರೋವು. ಸಿ7 ಸೊನ್ನೆ ಅಂದ್ರೆ ಒಳಗಿನ ಕನೆಕ್ಷನ್ ಸರಿಯಿದೆ.

168 ಸೆಕ್ಟರ್ ಅಂದ್ರೆ 512 ಬೈಟಿನ ಲೆಕ್ಕದಲ್ಲಿ ನೂರು ಕೆಬಿಯೂ ಆಗಲ್ಲ, ಒಂದು ಫೋಟೊದಷ್ಟೂ ಇಲ್ಲ. ಆದ್ರೆ ಅದು ಇಲ್ಲೀವರೆಗೆ ಡಿಸ್ಕ್ ಎಡವಿರೋ ಜಾಗ ಮಾತ್ರ, ಇನ್ನೂ ಹೋಗದಿರೋ ಕಡೆ ಎಷ್ಟಿದೆಯೋ ಅದಕ್ಕೇ ಗೊತ್ತಿಲ್ಲ. ಎರಡನೇದು, ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ದೊಡ್ಡದು. ಎನ್‌ಟಿಎಫ್‌ಎಸ್‌ನಲ್ಲಿ ಎಂಎಫ್‌ಟಿ ಅನ್ನೋ ಒಂದು ಟೇಬಲ್ ಇರುತ್ತೆ, ಒಂದೊಂದು ಫೈಲಿಗೂ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ, ಹೆಸ್ರು, ದಿನಾಂಕ, ಡಿಸ್ಕ್ ಮೇಲೆ ಎಲ್ಲಿದೆ ಅನ್ನೋದೆಲ್ಲ ಅದ್ರಲ್ಲೇ. ಮೊದಲ ನಾಲ್ಕು ದಾಖಲೆಗೆ ಮಾತ್ರ ಬೇರೆ ಕಡೆ ಕನ್ನಡಿ ಪ್ರತಿ ಇರುತ್ತೆ, ಉಳಿದವಕ್ಕಿಲ್ಲ. ಬ್ಯಾಡ್ ಸೆಕ್ಟರ್ ಆ ಟೇಬಲ್ ಮೇಲೇ ಕೂತಿದ್ರೆ ಡೇಟಾ ಪೂರ್ತಿ ಚೆನ್ನಾಗಿದ್ರೂ ವಿಂಡೋಸ್‌ಗೆ ಕಾಣಲ್ಲ. ನಿಮ್ಮದು ಹಂಗೇ ಇರ್ಬೇಕು ಅಂತ ನನ್ನ ಊಹೆ.

ಆದ್ರಿಂದ ಇದು ಯಂತ್ರದ ಕಾಯಿಲೆ, ಲೆಕ್ಕ ಕೆಟ್ಟಿರೋದು ಅದರ ಲಕ್ಷಣ. ಈ ಡಿಸ್ಕಿನಿಂದ ಒಂದೊಂದೇ ಫೈಲ್ ಆರಿಸಿ ತೆಗೆಯೋಕೆ ಹೋಗ್ಬೇಡಿ, ರಿಕವರಿ ಸಾಫ್ಟ್‌ವೇರ್ ಸ್ಕ್ಯಾನೂ ಇದರ ಮೇಲೆ ಹಾಕ್ಬೇಡಿ. ಮೊದ್ಲು ಇಡೀ ಡಿಸ್ಕ್‌ನ ಒಂದು ಇಮೇಜ್, ಅಂದ್ರೆ ಸೆಕ್ಟರ್ ಸೆಕ್ಟರಾಗಿ ಒಂದೇ ಫೈಲಿಗೆ ಇಳಿಸಿದ ಪೂರ್ತಿ ನಕಲು ಮಾಡ್ಕೊಳ್ಳಿ, ಆಮೇಲಿನ ಆಟ ಎಲ್ಲ ಇಮೇಜ್ ಮೇಲೆ. ಅದಕ್ಕೆ ಲಿನಕ್ಸ್‌ನಲ್ಲಿ ಓಡೋ ಡಿಡಿರೆಸ್ಕ್ಯೂ ಅನ್ನೋ ಟೂಲ್ ಬಗ್ಗೆ ಕೇಳಿದೀರಾ?

ಕಪ್ಪುಪರದೆ
ಗುರು, ಅದಕ್ಕೆ ಮುಂಚೆ ಆ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿ ಒಳಗಿನ ಡಿಸ್ಕ್ ಡೈರೆಕ್ಟಾಗಿ ಕಂಪ್ಯೂಟರ್ ಒಳಗಿನ ಸಾಟಾ ಕನೆಕ್ಟರ್‌ಗೆ ಹಾಕ್ಬಹುದಲ್ವಾ, ಯುಎಸ್‌ಬಿ ಕಾಟ ತಪ್ಪುತ್ತೆ.

ಅರೆಬೈಟ್
ಹಾಕ್ಬಹುದು, ಯಾವಾಗ್ಲೂ ಅಲ್ಲ. ಚಿಕ್ಕ ಡಿಸ್ಕ್‌ಗಳಲ್ಲಿ ತುಂಬಾ ಮಾಡೆಲ್‌ಗಳಿಗೆ ಯುಎಸ್‌ಬಿ ಸಾಕೆಟ್ ಡಿಸ್ಕಿನ ಬೋರ್ಡ್ ಮೇಲೇ ಬೆಸುಗೆ ಹಾಕಿರ್ತಾರೆ, ಬಿಚ್ಚಿದ್ರೆ ಸಾಟಾ ಅನ್ನೋದೇ ಇರಲ್ಲ. ಇನ್ನು ಕೆಲವದ್ರಲ್ಲಿ ಡಿಸ್ಕ್‌ನ ಯುಎಸ್‌ಬಿಗೆ ಜೋಡಿಸೋ ಬ್ರಿಡ್ಜ್ ಚಿಪ್ಪೇ ಡೇಟಾನ ಎನ್‌ಕ್ರಿಪ್ಟ್ ಮಾಡಿ ಬರೀತಿರುತ್ತೆ, ನೀವು ಪಾಸ್‌ವರ್ಡೇ ಇಟ್ಟಿಲ್ಲ ಅಂದ್ರೂ. ಅದನ್ನ ಬಿಟ್ಟು ಓದಿದ್ರೆ ಮೊದಲ ಸೆಕ್ಟರಿಂದ ಕೊನೇವರೆಗೂ ಬರೀ ಕಸ. ದೊಡ್ಡ ಡೆಸ್ಕ್‌ಟಾಪ್ ಸೈಜಿನ ಕೆಲವು ಡಬ್ಬಿಗಳು 512 ಬೈಟ್ ಸೆಕ್ಟರನ್ನ 4096 ಅಂತ ತೋರಿಸ್ತವೆ, ಬಿಚ್ಚಿ ಸಾಟಾಗೆ ಹಾಕಿದ್ರೆ ಪಾರ್ಟಿಷನ್ ಟೇಬಲ್ ತಾಳೆ ಆಗದೇ ಡಿಸ್ಕ್ ಖಾಲಿ ಅನ್ನುತ್ತೆ, ಜನ ಗಾಬರಿ ಬೀಳ್ತಾರೆ. ಡಬ್ಬಿಯ ಕನೆಕ್ಟರ್ ಸಡಿಲ ಆಗಿದೆ ಅನ್ನೋ ಅನುಮಾನ ಇದ್ರೆ ಬಿಚ್ಚೋದು ಸರಿ, ಇಲ್ಲಿ ಹಂಗೇನಿಲ್ಲ.

ಮಸಿಕಡ್ಡಿ
ಡಿಡಿರೆಸ್ಕ್ಯೂ ಹೆಸ್ರು ಕೇಳಿದೀನಿ ಅಷ್ಟೇ, ಲಿನಕ್ಸ್ ಯೂಸ್ ಮಾಡಿಲ್ಲ. ಹೆಜ್ಜೆ ಹೆಜ್ಜೆಯಾಗಿ ಹೇಳಿದ್ರೆ ಮಾಡ್ತೀನಿ, 2 ಟಿಬಿದು ಹೊಸ ಡಿಸ್ಕ್ ಒಂದು ಎರವಲು ಸಿಕ್ಕಿದೆ.

ತಿರುಗೋತಟ್ಟೆ
2 ಟಿಬಿ ಇರೋದು ಒಳ್ಳೇದಾಯ್ತು. ಅದು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರ್ಲಿ, ಫ್ಯಾಟ್32 ಆದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ, ನಿಮ್ಮ ಇಮೇಜ್ ಒಂದೇ ಫೈಲು 931 ಜಿಬಿ.

ಪೆನ್‌ಡ್ರೈವಲ್ಲಿ ಯಾವ್ದಾದ್ರೂ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೇ ಓಡೋದು) ಹಾಕಿ ಬೂಟ್ ಮಾಡಿ. ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜ್ ಹೆಸ್ರು ಜಿಡಿಡಿರೆಸ್ಕ್ಯೂ, ಕಮಾಂಡ್ ಹೆಸ್ರು ಡಿಡಿರೆಸ್ಕ್ಯೂ. ಮಧ್ಯೆ ಅಂಡರ್‌ಸ್ಕೋರ್ ಇರೋ ಡಿಡಿ_ರೆಸ್ಕ್ಯೂ ಅಂತ ಇನ್ನೊಂದಿದೆ, ಅದು ಬೇರೆಯವರು ಬರೆದಿರೋ ಬೇರೇ ಪ್ರೋಗ್ರಾಮ್. ಸ್ಲೀಪ್ ಆಫ್ ಮಾಡಿ. ಫೈಲ್ ಮ್ಯಾನೇಜರ್‌ನಲ್ಲಿ ಕೆಟ್ಟ ಡಿಸ್ಕ್ ಐಕಾನ್ ಬಂದ್ರೆ ಕ್ಲಿಕ್ ಮಾಡ್ಬೇಡಿ, ಮೌಂಟ್ ಆಗ್ಬಾರ್ದು. ಎಲ್‌ಎಸ್‌ಬಿಎಲ್‌ಕೆ ಅನ್ನೋ ಕಮಾಂಡ್ ಕೊಟ್ರೆ ಡಿಸ್ಕುಗಳ ಪಟ್ಟಿ ಬರುತ್ತೆ, ಸೈಜ್ ನೋಡಿ ಯಾವುದು ಯಾವುದು ಅಂತ ಕಾಗದದ ಮೇಲೆ ಬರ್ಕೊಳ್ಳಿ. ನಿಜವಾಗ್ಲೂ ಕಾಗದದ ಮೇಲೆ. ಡಿಡಿರೆಸ್ಕ್ಯೂಗೆ ಮೂರು ಹೆಸ್ರು ಇದೇ ಕ್ರಮದಲ್ಲಿ ಕೊಡ್ಬೇಕು: ಮೊದ್ಲು ಕೆಟ್ಟ ಡಿಸ್ಕು, ಆಮೇಲೆ ಇಮೇಜ್ ಫೈಲು, ಕೊನೇಗೆ ಮ್ಯಾಪ್‌ಫೈಲು. ಒಂದನೇದು ಎರಡನೇದು ಅದಲುಬದಲಾದ್ರೆ ಕಥೆ ಮುಗೀತು. ಡಿಸ್ಕಿಂದ ನೇರ ಇನ್ನೊಂದು ಡಿಸ್ಕಿಗೆ ಬರೆಯೋಕೆ ಅದು ಫೋರ್ಸ್ ಆಪ್ಷನ್ ಕೇಳುತ್ತೆ, ಫೈಲಿಗೆ ಬರೆಯೋವಾಗ ಫೋರ್ಸ್ ಬೇಕಾಗಿಲ್ಲ, ಹಂಗಾಗಿ ಫೋರ್ಸ್ ಕೇಳಿದ್ರೆ ಏನೋ ತಪ್ಪಿದೆ ಅಂತ ನಿಲ್ಸಿ ನೋಡಿ.

ಮ್ಯಾಪ್‌ಫೈಲ್ ಮರೀಲೇಬೇಡಿ, ಇಡೀ ಟೂಲಿನ ಜೀವ ಅದ್ರಲ್ಲೇ ಇರೋದು. ಯಾವ ಜಾಗ ಓದಿ ಆಯ್ತು, ಯಾವುದು ಬಾಕಿ, ಯಾವುದು ಕೆಟ್ಟಿದೆ ಅಂತ ಅದು ಬರ್ಕೊಂಡು ಹೋಗುತ್ತೆ. ಕರೆಂಟ್ ಹೋಗ್ಲಿ, ನೀವೇ ಕಂಟ್ರೋಲ್ ಸಿ ಒತ್ತಿ ನಿಲ್ಸಿ, ಅದೇ ಕಮಾಂಡ್ ಮತ್ತೆ ಕೊಟ್ರೆ ಬಿಟ್ಟಲ್ಲಿಂದ ಶುರು. ಮ್ಯಾಪ್‌ಫೈಲ್ ಲೈವ್ ಪೆನ್‌ಡ್ರೈವಿನ ಡೆಸ್ಕ್‌ಟಾಪ್ ಮೇಲೆ ಇಡ್ಬೇಡಿ, ರೀಬೂಟ್ ಆದ್ರೆ ಅದು ಮಾಯ, ಇಮೇಜ್ ಪಕ್ಕದಲ್ಲೇ ಇಡಿ.

ಮೊದಲ ಸುತ್ತಿಗೆ ಹೈಫನ್ ಎನ್ ಹಾಕಿ, ಅಂದ್ರೆ ಸುಲಭವಾಗಿ ಬರೋದನ್ನೆಲ್ಲ ಮೊದ್ಲು ಬಾಚ್ಕೋ, ಕೆಟ್ಟ ಜಾಗ ಕೆರೆಯೋಕೆ ಹೋಗ್ಬೇಡ ಅಂತ. ಮಾಮೂಲಿ ಕಾಪಿಗೂ ಇದಕ್ಕೂ ಇರೋ ವ್ಯತ್ಯಾಸ ಇಷ್ಟೇ, ವಿಂಡೋಸ್ ಕಾಪಿ ಕೆಟ್ಟ ಸೆಕ್ಟರ್ ಮುಂದೆ ಹಠ ಹಿಡಿದು ಕೂತು ಡಿಸ್ಕ್‌ನ ಸುಸ್ತು ಮಾಡುತ್ತೆ, ಇದು ಹಾರಿ ಮುಂದಕ್ಕೆ ಹೋಗಿ ಚೆನ್ನಾಗಿರೋದನ್ನ ಮೊದ್ಲು ಕೈಗೆ ಕೊಡುತ್ತೆ. ಅದು ಮುಗಿದ್ಮೇಲೆ ಎನ್ ತೆಗೆದು, ಹೈಫನ್ ಡಿ ಮತ್ತೆ ಸಣ್ಣ ಆರ್ 3 ಹಾಕಿ ಎರಡನೇ ಸುತ್ತು, ಆಗ ಬಿಟ್ಟ ಜಾಗಗಳನ್ನ ಅಂಚಿಂದ ಸೆಕ್ಟರ್ ಸೆಕ್ಟರಾಗಿ ಕೆರೆಯುತ್ತೆ.

ಆರೋಗ್ಯವಾಗಿರೋ 1 ಟಿಬಿ, ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಮೂರು ಗಂಟೆ ಒಳಗೆ ಮುಗಿಯುತ್ತೆ. ಕೆಟ್ಟ ಡಿಸ್ಕಲ್ಲಿ ಸ್ಪೀಡ್ ಕೆಬಿಗೆ ಇಳಿಯೋದು ಸಾಮಾನ್ಯ, ಪರದೆ ಮೇಲಿನ "ರಿಮೇನಿಂಗ್ ಟೈಮ್" ನೋಡಿ ಎದೆ ಒಡ್ಕೋಬೇಡಿ, ಅದು ಇನ್ನೂರು ದಿನ ಅಂತಾನೂ ಹೇಳುತ್ತೆ. ಡಿಸ್ಕ್‌ನ ಗಟ್ಟಿ ಜಾಗದಲ್ಲಿ ಇಟ್ಟು ಫ್ಯಾನ್ ಗಾಳಿ ಬಿಡಿ, ದಿಂಬು ಹಾಸಿಗೆ ಮೇಲೆ ಬೇಡ.

ತರಾತುರಿ
ಇಷ್ಟೆಲ್ಲ ಸರ್ಕಸ್ ಬೇಕಾ? ಫ್ರೀಜರ್‌ನಲ್ಲಿ ಇಟ್ಟು ತೆಗೆದ್ರೆ ಓದುತ್ತೆ ಅಂತ ಎಷ್ಟೋ ಕಡೆ ಬರೆದಿದಾರೆ.

ತಿರುಗೋತಟ್ಟೆ
ಅಣ್ಣಾ ಬೇಡ! ಹೊರಗೆ ತೆಗೆದ ತಕ್ಷಣ ತೇವ ಹಿಡಿಯುತ್ತೆ, ಒಳಗೂ ಹಿಡಿಯುತ್ತೆ, ಆ ಡಿಸ್ಕ್‌ಗಳು ಗಾಳಿ ಆಡೋಕೆ ಸಣ್ಣ ತೂತು ಇಟ್ಕೊಂಡಿರೋವು. ಹೆಡ್ಡು ತಟ್ಟೆಯಿಂದ ಮೇಲೆ ಹಾರೋದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಬೆರಳಚ್ಚಿನ ಜಿಡ್ಡೂ ಅದಕ್ಕಿಂತ ದಪ್ಪ. ಅದರ ಮಧ್ಯೆ ಒಂದು ನೀರಿನ ಹನಿ ಬಂದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಆ ಐಡಿಯಾ ಹಳೇ ಕಾಲದ ಡಿಸ್ಕ್‌ಗಳ ಬಗ್ಗೆ ಹಬ್ಬಿದ್ದು, ಯಾರಿಗೋ ಒಂದ್ ಸಲ ಕೆಲಸ ಮಾಡಿದ್ದನ್ನ ಎಲ್ರೂ ಹೇಳ್ತಾರೆ, ತಟ್ಟೆ ಗೀಚಿಸ್ಕೊಂಡವ್ರು ಬಂದು ಬರೆಯಲ್ಲ. ತಟ್ಟೋದು, ಕುಟ್ಟೋದು, ಕವರ್ ಬಿಚ್ಚಿ ನೋಡೋದು ಎಲ್ಲ ಇದೇ ಸಾಲಿಗೆ.

ಸಂಜೆಮಲ್ಲಿ
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಂದು ಬೇರೆ ಥರ. ಗೆಳತಿಯ ಎಕ್ಸ್‌ಟರ್ನಲ್ ಡಿಸ್ಕ್ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಇದೇ ಥರ ಫಾರ್ಮ್ಯಾಟ್ ಕೇಳುತ್ತೆ, ಅವಳ ಹತ್ರ ಸರಿಯಾಗೇ ಓಪನ್ ಆಗುತ್ತಂತೆ. ಇದೂ ಕರಪ್ಟಾ?

ಅರೆಬೈಟ್
ಮೇಡಂ, ಅವ್ರದ್ದು ಮ್ಯಾಕಾ? ಮ್ಯಾಕಲ್ಲಿ ಎಪಿಎಫ್‌ಎಸ್ ಅಥವಾ ಎಚ್‌ಎಫ್‌ಎಸ್ ಪ್ಲಸ್ ಮಾಡಿರೋ ಡಿಸ್ಕ್ ವಿಂಡೋಸ್‌ಗೆ ಅರ್ಥ ಆಗಲ್ಲ, ಅರ್ಥ ಆಗದ್ದಕ್ಕೆಲ್ಲ ಅದು ಫಾರ್ಮ್ಯಾಟ್ ಮಾಡ್ಲಾ ಅಂತಾನೇ ಕೇಳೋದು. ಲಿನಕ್ಸ್‌ನ ಎಕ್ಸ್ಟ್4ಕ್ಕೂ ಅಷ್ಟೇ. ಡಿಸ್ಕಿಗೆ ಏನೂ ಆಗಿಲ್ಲ, ಇಲ್ಲ ಅಂತ ಒತ್ತಿ ವಾಪಸ್ ಕೊಟ್ಬಿಡಿ.

ಸಂಜೆಮಲ್ಲಿ
ಹೂಂ ಮ್ಯಾಕೇ! ಬದುಕಿದೆ.

ಮಸಿಕಡ್ಡಿ
ಅಪ್‌ಡೇಟ್. ಶುರು ಮಾಡಿದೆ, ಮೊದ್ಲು ಚೆನ್ನಾಗಿ ಓಡ್ತು, 90 ಎಂಬಿ ಹತ್ರ, ಸುಮಾರು 40 ಪರ್ಸೆಂಟ್ ಆದ್ಮೇಲೆ ಕಿರ್ ಅಂತು, ಆಮೇಲೆ ಇದ್ದಕ್ಕಿದ್ದ ಹಾಗೆ ರೀಡ್ ಎರರ್ ಸಂಖ್ಯೆ ಸರಸರ ಏರಿ ನಿಮಿಷದಲ್ಲೇ "ಮುಗೀತು" ಅಂದ್ಬಿಡ್ತು, 60 ಪರ್ಸೆಂಟ್ ಕೆಟ್ಟಿದೆ ಅಂತ ತೋರಿಸ್ತಿದೆ. ಕೈ ನಡುಗ್ತಿದೆ ನಂಗೆ.

ತಿರುಗೋತಟ್ಟೆ
ಗಾಬರಿ ಬೇಡ, ಡಿಸ್ಕ್ ಕೆಟ್ಟಿದ್ದಲ್ಲ ಅದು. ಯುಎಸ್‌ಬಿ ಕನೆಕ್ಷನ್ ಬಿದ್ದು ಎದ್ದಿದೆ. ಎಲ್‌ಎಸ್‌ಬಿಎಲ್‌ಕೆ ಮತ್ತೆ ಕೊಟ್ಟು ನೋಡಿ, ಮುಂಚೆ ಎಸ್‌ಡಿಬಿ ಇದ್ದದ್ದು ಈಗ ಎಸ್‌ಡಿಡಿ ಥರ ಬೇರೆ ಹೆಸ್ರಲ್ಲಿ ಕಾಣುತ್ತೆ. ಡಿಡಿರೆಸ್ಕ್ಯೂ ಪಾಪ ಇಲ್ಲದೇ ಇರೋ ಡಿಸ್ಕ್‌ನ ಓದೋಕೆ ಹೋಗಿ ಎಲ್ಲಾ ಜಾಗಕ್ಕೂ ಎರರ್ ಅಂತ ಗುರುತು ಹಾಕಿದೆ.

ಡಿಸ್ಕ್ ಕಿತ್ತು ಸ್ವಲ್ಪ ಹೊತ್ತು ತಣ್ಣಗಾಗೋಕೆ ಬಿಡಿ. ಮ್ಯಾಪ್‌ಫೈಲಿನ ಒಂದು ಕಾಪಿ ತೆಗೆದಿಡಿ. ಆಮೇಲೆ ಅದೇ ಕಮಾಂಡಿಗೆ ದೊಡ್ಡ ಎ ಅಕ್ಷರದ ಆಪ್ಷನ್ ಸೇರಿಸಿ, ಟ್ರೈ ಅಗೇನ್ ಅಂತ, ಹಂಗೆ ಗುರುತು ಹಾಕಿದ ಜಾಗಗಳನ್ನ "ಇನ್ನೂ ನೋಡಿಲ್ಲ" ಅಂತ ತಿದ್ದಿ ಮತ್ತೆ ಓದುತ್ತೆ. ಮತ್ತೆ ಈ ಸಲ ಡಿಸ್ಕ್ ಹೆಸ್ರು ಎಸ್‌ಡಿಬಿ ಅಂತ ಕೊಡೋ ಬದ್ಲು ಡಿವೈಸ್ ಫೋಲ್ಡರ್ ಒಳಗೆ ಡಿಸ್ಕ್, ಬೈ-ಐಡಿ ಅಂತ ಇರುತ್ತೆ, ಅಲ್ಲಿರೋ ಮಾಡೆಲ್ ನಂಬರ್ ಸೀರಿಯಲ್ ನಂಬರ್ ಇರೋ ಉದ್ದ ಹೆಸ್ರು ಕೊಡಿ, ಬಿದ್ದು ಎದ್ರೂ ಅದು ಬದಲಾಗಲ್ಲ. ಒಂದೇ ಜಾಗದಲ್ಲಿ ಪದೇ ಪದೇ ಬಿದ್ರೆ ದೊಡ್ಡ ಆರ್ ಆಪ್ಷನ್ ಹಾಕಿ, ಡಿಸ್ಕ್‌ನ ಕೊನೇಯಿಂದ ಹಿಂದಕ್ಕೆ ಓದ್ಕೊಂಡು ಬರುತ್ತೆ, ಕೆಟ್ಟ ಜಾಗಕ್ಕೆ ಆ ಕಡೆಯಿಂದ ಬಂದು ತಲುಪುತ್ತೆ.

ಬೆಳ್ಳಿಚುಕ್ಕಿ
ಈ ಚರ್ಚೆ ಸೇವ್ ಮಾಡಿಟ್ಕೊಂಡೆ. ಒಂದು ಡೌಟು, ಯಾರಾದ್ರೂ ಆ ಫಾರ್ಮ್ಯಾಟ್ ಬಟನ್ ಒತ್ತೇಬಿಟ್ಟಿದ್ರೆ ಪೂರ್ತಿ ಹೋದ ಹಾಗೇನಾ?

ಅರೆಬೈಟ್
ಕ್ವಿಕ್ ಫಾರ್ಮ್ಯಾಟ್ ಆದ್ರೆ ಹೊಸ ಖಾಲಿ ಟೇಬಲ್ ಮಾತ್ರ ಬರೆಯುತ್ತೆ, ಹಳೇ ಫೈಲು ಅಲ್ಲೇ ಇರುತ್ತೆ, ಮೇಲೆ ಏನೂ ಕಾಪಿ ಮಾಡದಿದ್ರೆ ಬಹಳಷ್ಟು ಸಿಗುತ್ತೆ. ಫುಲ್ ಫಾರ್ಮ್ಯಾಟ್ ವಿಂಡೋಸ್ ವಿಸ್ತಾದಿಂದ ಈಚೆಗೆ ಇಡೀ ಪಾರ್ಟಿಷನ್‌ಗೆ ಸೊನ್ನೆ ಬರೆಯುತ್ತೆ, ಅದಾದ್ಮೇಲೆ ಯಾವ ಸಾಫ್ಟ್‌ವೇರೂ ತರಲ್ಲ. ಎಸ್‌ಎಸ್‌ಡಿ ಆದ್ರೆ ಕ್ವಿಕ್ ಫಾರ್ಮ್ಯಾಟೂ ಅಪಾಯ, ಟ್ರಿಮ್ ಅಂತ ಒಂದು ಕಮಾಂಡ್ ಹೋಗುತ್ತೆ, ಖಾಲಿ ಅಂತ ಹೇಳಿದ ಜಾಗ ಓದಿದ್ರೆ ಸೊನ್ನೆ ಬರೋಕೆ ಶುರು. ಈಗಿನ ಎಸ್‌ಎಂಆರ್ ಥರದ (ಸಾಲುಗಳನ್ನ ಒಂದರ ಮೇಲೊಂದು ಹೊದಿಸಿ ಬರೆಯೋ) ಕೆಲವು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳೂ ಟ್ರಿಮ್ ಕೇಳ್ತವೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದ್ರಿಂದ ಒತ್ತಿಬಿಟ್ರೆ ತಕ್ಷಣ ಕೇಬಲ್ ಕೀಳೋದು, ಯೋಚ್ನೆ ಆಮೇಲೆ.

ಮಸಿಕಡ್ಡಿ
ನೀವು ಹೇಳಿದ ಹಾಗೇ ಆಯ್ತು! ಹೆಸ್ರು ಬದಲಾಗಿತ್ತು. ಎ ಹಾಕಿ ಮತ್ತೆ ಬಿಟ್ಟೆ, ಮಧ್ಯೆ ಇನ್ನೂ ಬಿತ್ತು, ಕಿತ್ತು ಮತ್ತೆ ಹಾಕಿ, ದೊಡ್ಡ ಆರ್ ಹಾಕಿದ್ಮೇಲೆ ಹಿಂದಿಂದ ಸರಾಗವಾಗಿ ಬಂತು. ರಾತ್ರಿಯೆಲ್ಲ ಓಡಿ ಈಗ ರೆಸ್ಕ್ಯೂಡ್ 99.99 ಪರ್ಸೆಂಟ್ ಅಂತಿದೆ, ಬ್ಯಾಡ್ ಏರಿಯಾ ಅಂತ ಒಂದಿಷ್ಟು ಉಳಿದಿದೆ, ಎಲ್ಲ ಸೇರಿ 2 ಎಂಬಿಗಿಂತ ಕಮ್ಮಿ. ಈಗ?

ತಿರುಗೋತಟ್ಟೆ
ಭರ್ಜರಿ! ಈಗ ಕೆಟ್ಟ ಡಿಸ್ಕ್ ಕಿತ್ತು ಡ್ರಾಯರಲ್ಲಿ ಇಡಿ, ಇನ್ನು ಅದನ್ನ ಮುಟ್ಟೋದು ಬೇಡ.

ಇಮೇಜ್ ಮೇಲೆ ಟೆಸ್ಟ್‌ಡಿಸ್ಕ್ ಅನ್ನೋ ರಿಕವರಿ ಟೂಲ್ ಓಡ್ಸಿ, ಇಮೇಜ್ ಫೈಲ್ ಹೆಸ್ರು ಕೊಟ್ರೆ ಅದನ್ನೇ ಡಿಸ್ಕ್ ಅಂತ ತಗೊಳ್ಳುತ್ತೆ. ಅಡ್ವಾನ್ಸ್ಡ್‌ಗೆ ಹೋಗಿ ಪಾರ್ಟಿಷನ್ ಆರಿಸಿ ಬೂಟ್ ಅಂತ ಒತ್ತಿ. ಎನ್‌ಟಿಎಫ್‌ಎಸ್‌ ಬೂಟ್ ಸೆಕ್ಟರ್‌ನ ಒಂದು ಪ್ರತಿ ಪಾರ್ಟಿಷನ್‌ನ ಕೊನೇ ಸೆಕ್ಟರಲ್ಲಿ ಇರುತ್ತೆ, ಮೊದಲನೇದು ಕೆಟ್ಟು ಎರಡನೇದು ಚೆನ್ನಾಗಿದ್ರೆ "ಬ್ಯಾಕಪ್ ಬಿಎಸ್" ಅಂತ ತೋರ್ಸುತ್ತೆ. ಅದನ್ನ ಬಳಸಿದ ಮೇಲೆ ಫೈಲ್ ಪಟ್ಟಿ ಬಂದ್ರೆ ಸಣ್ಣ ಎ ಒತ್ತಿ ಎಲ್ಲ ಆರಿಸಿ, ದೊಡ್ಡ ಸಿ ಒತ್ತಿ ಬೇರೆ ಫೋಲ್ಡರಿಗೆ ಕಾಪಿ. ಟೆಸ್ಟ್‌ಡಿಸ್ಕ್‌ನ ಪರದೆ ಎಂಬತ್ತರ ದಶಕದ್ದು ಅನ್ನಿಸುತ್ತೆ, ಮೌಸ್ ನಡೆಯಲ್ಲ, ಒಂದೊಂದು ಸಾಲೂ ಓದಿ ಒತ್ತಿ.

ಪಟ್ಟಿ ಬರ್ಲಿಲ್ಲ ಅಥವಾ ಅರ್ಧಂಬರ್ಧ ಬಂತು ಅಂದ್ರೆ ಡಿಎಂಡಿಇ ಅಥವಾ ಆರ್-ಸ್ಟುಡಿಯೋದಲ್ಲಿ ಇಮೇಜ್ ಓಪನ್ ಮಾಡಿ ಫುಲ್ ಸ್ಕ್ಯಾನ್ ಹಾಕಿ, ಅವು ಉಳಿದಿರೋ ಎಂಎಫ್‌ಟಿ ದಾಖಲೆಗಳನ್ನ ಹೆಕ್ಕಿ ಫೋಲ್ಡರ್ ಮರಾನ ಮತ್ತೆ ಕಟ್ತವೆ. ಡಿಎಂಡಿಇ ಫ್ರೀ ಆವೃತ್ತಿ ಒಂದು ಸಲಕ್ಕೆ ಒಂದು ಫೋಲ್ಡರಿಂದ 4000 ಫೈಲ್‌ವರೆಗೂ ಕೊಡುತ್ತೆ, ಮನೆ ಕೆಲ್ಸಕ್ಕೆ ಧಾರಾಳ ಸಾಕು. ದುಡ್ಡು ಕೊಡೋ ಸಾಫ್ಟ್‌ವೇರ್ ಯಾವುದೇ ಆಗ್ಲಿ, ಮೊದ್ಲು ಟ್ರಯಲ್‌ನಲ್ಲಿ ಫೋಟೊ ಪ್ರಿವ್ಯೂ ನಿಜವಾಗ್ಲೂ ಓಪನ್ ಆಗುತ್ತಾ ನೋಡಿ. ಬರೀ ಹೆಸ್ರಿನ ಪಟ್ಟಿ ನೋಡಿ ದುಡ್ಡು ಕಟ್ಬೇಡಿ.

ಫೋಟೊರೆಕ್ ಕೊನೇ ಅಸ್ತ್ರ. ಅದು ಫೈಲ್ ಸಿಸ್ಟಮ್ ಕಡೆ ತಿರುಗಿಯೂ ನೋಡಲ್ಲ, ಜೆಪೆಗ್ ಅಂದ್ರೆ ಎಫ್‌ಎಫ್ ಡಿ8 ಎಫ್‌ಎಫ್ ಅಂತ ಶುರು ಆಗುತ್ತಲ್ಲ, ಆ ಥರದ ಸಹಿ ಹುಡುಕ್ಕೊಂಡು ಹೋಗುತ್ತೆ. ಫೈಲ್ ಬರುತ್ತೆ ಆದ್ರೆ ಹೆಸ್ರಿರಲ್ಲ, ಎಫ್ ಅಕ್ಷರದ ಮುಂದೆ ಏಳೆಂಟು ಅಂಕಿ. ತುಂಡು ತುಂಡಾಗಿ ಹರಡಿರೋ ದೊಡ್ಡ ಫೈಲ್ ಬಹಳ ಸಲ ಸರಿಯಾಗಿ ಬರಲ್ಲ.

ತರಾತುರಿ
ಒಂದು ಮಾತು, ಇಮೇಜ್ ಸಿಕ್ಕಿದ್ಮೇಲಾದ್ರೂ ಅದರ ಮೇಲೆ ಚೆಕ್‌ಡಿಸ್ಕ್ ಓಡಿಸ್ಬಹುದಲ್ವಾ? ನಾನ್ ಬಿಡಲ್ಲ ಇದನ್ನ.

ತಿರುಗೋತಟ್ಟೆ
ಹಹ್ಹಾ, ಇಮೇಜ್‌ಗೆ ಇನ್ನೊಂದು ಕಾಪಿ ಇದ್ರೆ ಧಾರಾಳವಾಗಿ ಓಡ್ಸಿ, ಕೆಲವು ಸಲ ಅದೇ ಸಲೀಸು ದಾರಿ. ನನ್ನ ಜಗಳ ಚೆಕ್‌ಡಿಸ್ಕ್ ಜೊತೆ ಅಲ್ಲ, ಇರೋ ಒಂದೇ ಪ್ರತಿ ಮೇಲೆ ಅದನ್ನ ಬಿಡೋದ್ರ ಜೊತೆ.

ಮಸಿಕಡ್ಡಿ
ಬೂಟ್ ಸೆಕ್ಟರ್ ಎರಡೂ ಸರಿಯಿತ್ತು, ಎಂಎಫ್‌ಟಿ ಕೆಟ್ಟಿದೆ ಅಂತು ಟೆಸ್ಟ್‌ಡಿಸ್ಕು, ಅಲ್ಲಿಗೆ ನಿಮ್ಮ ಊಹೆ ಸರಿ. ಡಿಎಂಡಿಇಗೆ ಹೋದೆ, ಫುಲ್ ಸ್ಕ್ಯಾನ್ ಆದ್ಮೇಲೆ ಫೋಲ್ಡರ್ ಪೂರ್ತಿ ಹೆಸ್ರು ಸಮೇತ ಬಂತು, ಕನ್ನಡದಲ್ಲಿ ಇಟ್ಟಿದ್ದ ಹೆಸ್ರುಗಳೂ ಹಂಗೇ ಇವೆ. ಅಜ್ಜಿ ಹಾಡು ಎಲ್ಲ ಪ್ಲೇ ಆಗ್ತಿದೆ. ನಾನೂ ತಂಗಿ ಕೂತು ಒಂದರ ಹಿಂದೆ ಒಂದು ಕೇಳಿದ್ವಿ.

ತೊಂದ್ರೆ ಎರಡಿದೆ. ತಂಗಿಯ ಹಳೇ ವರ್ಡ್ ಫೈಲ್ ಓಪನ್ ಆಗುತ್ತೆ ಆದ್ರೆ ಅಕ್ಷರ ಪೂರ್ತಿ ಕರಪ್ಟ್, ಕನ್ನಡವೇ ಇಲ್ಲ, ತಲೆ ಮೇಲೆ ಗೆರೆ ಚುಕ್ಕಿ ಇರೋ ಇಂಗ್ಲಿಷ್ ಅಕ್ಷರಗಳು. ಎರಡನೇದು, ಆ ಉಳಿದ ಬ್ಯಾಡ್ ಏರಿಯಾ ಯಾವ ಫೈಲಿಗೆ ಹೊಡೆದಿದೆ ಅಂತ ಕಂಡುಹಿಡಿಯೋದು ಹೆಂಗೆ, ಸಾವಿರಾರು ಫೋಟೊ ಒಂದೊಂದಾಗಿ ತೆರೆದು ನೋಡೋಕೆ ಆಗಲ್ಲ.

ಸಂಜೆಮಲ್ಲಿ
ಮೊದಲನೇದು ನಂಗೊತ್ತು! ಅದು ಕರಪ್ಟ್ ಅಲ್ಲರೀ, ಹಳೇ ನುಡಿ ಅಥವಾ ಬರಹ ಫಾಂಟಲ್ಲಿ ಟೈಪ್ ಮಾಡಿರೋದು, ಯೂನಿಕೋಡ್ ಅಲ್ಲ. ಈಗಿನ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ, ಅದಕ್ಕೇ ಹಂಗೆ ಕಾಣೋದು. ಫಾಂಟ್ ಹಾಕ್ಕೊಂಡು ತೆರೀರಿ, ಆಮೇಲೆ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಾಯಿಸಿ ಇಟ್ಕೊಳ್ಳಿ. ಡಿಟಿಪಿ ಮಾಡೋವ್ರಿಗೆ ಇದು ದಿನಾ ಬರೋ ಗೋಳು.

ತಿರುಗೋತಟ್ಟೆ
ಎರಡನೇದಕ್ಕೆ ಡಿಡಿರೆಸ್ಕ್ಯೂನಲ್ಲೇ ಒಂದು ಚೆಂದದ ಉಪಾಯ ಇದೆ, ಫಿಲ್ ಮೋಡ್ ಅಂತ. ಓದೋಕಾಗದ ಜಾಗ ಈಗ ಇಮೇಜಲ್ಲಿ ಸೊನ್ನೆಯಾಗಿ ಕೂತಿದೆ, ಅದ್ರಿಂದ ಗುರುತು ಸಿಗಲ್ಲ. ಬೇರೆಲ್ಲೂ ಬರದೇ ಇರೋ ಒಂದು ಪದ, ಉದಾಹರಣೆಗೆ "ಬ್ಯಾಡ್‌ಸೆಕ್ಟರ್‌ಇಲ್ಲಿದೆ" ಅಂತ ಒಂದು ಚಿಕ್ಕ ಟೆಕ್ಸ್ಟ್ ಫೈಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಳ್ಳಿ. ಮ್ಯಾಪ್‌ಫೈಲ್ ನೋಡಿ ಕೆಟ್ಟ ಜಾಗಗಳಿಗೆ ಮಾತ್ರ ಆ ಪದಾನ ತುಂಬು ಅಂತ ಹೇಳ್ಬಹುದು, ಇಮೇಜಿನ ಕಾಪಿ ಮೇಲೆ ಮಾಡಿ. ಆಮೇಲೆ ಫೈಲುಗಳನ್ನ ಮತ್ತೆ ಹೊರಗೆ ತೆಗೆದು ಗ್ರೆಪ್ ಅನ್ನೋ ಹುಡುಕೋ ಕಮಾಂಡ್‌ನಲ್ಲಿ ಆ ಪದ ಯಾವ ಫೈಲಲ್ಲಿದೆ ಅಂತ ಹುಡುಕಿದ್ರೆ ಏಟು ತಿಂದಿರೋ ಫೈಲ್‌ಗಳ ಪಟ್ಟಿ ಕೈಗೆ ಬರುತ್ತೆ. ಪಟ್ಟಿ ಬಂದ್ಮೇಲೆ ಆ ಕಾಪಿ ಬಿಸಾಕಿ, ಮೂಲ ಇಮೇಜಿಂದ ತೆಗೆದದ್ದನ್ನೇ ಇಟ್ಕೊಳ್ಳಿ.

ಕಪ್ಪುಪರದೆ
ಇದು ನಂಗೂ ಗೊತ್ತಿರ್ಲಿಲ್ಲ, ಸಕತ್. ಇನ್ನೊಂದು, ಬಡಿಯೋ ಶಬ್ದ ಬರೋ ಡಿಸ್ಕಿಗೆ ಅದೇ ಮಾಡೆಲ್‌ನ ಬೇರೆ ಬೋರ್ಡ್ ಹಾಕಿದ್ರೆ ಆಗುತ್ತಾ? ನಮ್ಮ ಪರಿಚಯದವ್ರೊಬ್ರದ್ದು ಹಂಗೆ ಬಿದ್ದಿದೆ.

ಅರೆಬೈಟ್
ಟಕ್ ಟಕ್ ಬಹುತೇಕ ಹೆಡ್ಡಿನ ಗೋಳು, ಬೋರ್ಡ್ ಬದಲಿಸಿದ್ರೆ ಏನೂ ಆಗಲ್ಲ. ಬೋರ್ಡೇ ಸುಟ್ಟಿದ್ರೂ ಅದೇ ಮಾಡೆಲ್ ತಂದು ಹಾಕಿದ್ರೆ ಸಾಲ್ದು, ಒಂದೊಂದು ಡಿಸ್ಕಿಗೂ ಕಾರ್ಖಾನೆಯಲ್ಲೇ ಅಳತೆ ಮಾಡಿ ಬರೆದ ಮಾಹಿತಿ ಬೋರ್ಡಿನ ರೋಮ್ (ROM) ಚಿಪ್‌ನಲ್ಲಿರುತ್ತೆ, ಆ ಚಿಪ್ ಕಿತ್ತು ಹೊಸ ಬೋರ್ಡಿಗೆ ಹಾಕ್ಬೇಕು. ಹೆಡ್ ಬದಲಿಸೋದಂತೂ ಧೂಳಿಲ್ಲದ ಕ್ಲೀನ್ ಬೆಂಚ್ ಇರೋ ಲ್ಯಾಬ್ ಕೆಲ್ಸ. ಕೊಡೋ ಮುಂಚೆ ಕೇಳಿ, ತೆರೆಯೋದಕ್ಕೆ ಮುಂಚೆ ನಮ್ಮ ಒಪ್ಪಿಗೆ ಕೇಳ್ತೀರಾ, ದುಡ್ಡು ಕಟ್ಟೋ ಮುಂಚೆ ಸಿಕ್ಕಿರೋ ಫೈಲ್‌ಗಳ ಪಟ್ಟಿ ತೋರಿಸ್ತೀರಾ ಅಂತ. ಬಿಟ್‌ಲಾಕರ್ ಹಾಕಿದ್ರೆ 48 ಅಂಕಿಯ ರಿಕವರಿ ಕೀ ಅಥವಾ ಪಾಸ್‌ವರ್ಡ್ ಬೇಕೇ ಬೇಕು, ಅದಿಲ್ಲದೆ ಲ್ಯಾಬ್ ಇಮೇಜ್ ತೆಗೆದ್ರೂ ಉಪಯೋಗ ಇಲ್ಲ.

ಮಸಿಕಡ್ಡಿ
ಗ್ರೆಪ್ ಮುಗೀತು. ಏಟು ಬಿದ್ದಿರೋದು ಬೆರಳೆಣಿಕೆಯಷ್ಟು ಫೈಲಿಗೆ, ಹೆಚ್ಚಿನವು ಮತ್ತೆ ಡೌನ್‌ಲೋಡ್ ಮಾಡ್ಕೋಬಹುದಾದ ಸೆಟಪ್ ಫೈಲುಗಳು. ಒಂದು ಫೋಟೊ ಅರ್ಧದಿಂದ ಕೆಳಗೆ ಬೂದು ಬಣ್ಣ, ಅದು ಹೋಯ್ತು ಅಂದ್ಕೊಂಡೆ. ಒಂದು ಎಂಪಿ4 ವಿಡಿಯೊ ಮಾತ್ರ ಸೈಜ್ ಸರಿಯಿದ್ರೂ ಓಪನ್ನೇ ಆಗಲ್ಲ. ನುಡಿ ಫಾಂಟ್ ಹಾಕಿದ್ಮೇಲೆ ನೋಟ್ಸ್ ಎಲ್ಲ ಓದೋಕೆ ಬಂತು, ತಂಗಿ ಸಂಜೆಮಲ್ಲಿ ಅವ್ರಿಗೆ ಸ್ಪೆಷಲ್ ಥ್ಯಾಂಕ್ಸ್ ಹೇಳಿದಾಳೆ. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿ ಸಿನಿಮಾ ಗಿನಿಮಾ ಇಡೋಕೆ ಬಳಸ್ಬಹುದಾ?

ತಿರುಗೋತಟ್ಟೆ
ವಿಡಿಯೊಗೆ ಅನ್‌ಟ್ರಂಕ್ ಅನ್ನೋ ಟೂಲ್ ನೋಡಿ. ಎಂಪಿ4ನಲ್ಲಿ ಮೂವ್ ಅನ್ನೋ ಒಂದು ಭಾಗ ಇರುತ್ತೆ, ಯಾವ ಫ್ರೇಮ್ ಎಲ್ಲಿದೆ ಅನ್ನೋ ಸೂಚಿ ಅದು, ಎಷ್ಟೋ ಕ್ಯಾಮೆರಾಗಳು ಅದನ್ನ ಫೈಲಿನ ಕೊನೇಲಿ ಬರೀತವೆ. ಬ್ಯಾಡ್ ಸೆಕ್ಟರ್ ಸರಿಯಾಗಿ ಅದರ ಮೇಲೇ ಬಿದ್ದಿರ್ಬೇಕು. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಲ್ಲಿ ತೆಗೆದ ಬೇರೆ ಚೆನ್ನಾಗಿರೋ ವಿಡಿಯೊ ಒಂದನ್ನ ಮಾದರಿಗೆ ಕೊಟ್ರೆ ಅದನ್ನ ನೋಡಿ ಸೂಚಿ ಮತ್ತೆ ಕಟ್ಟೋಕೆ ಪ್ರಯತ್ನಿಸುತ್ತೆ.

ಹಳೇ ಡಿಸ್ಕಲ್ಲಿ ಸಿನಿಮಾನೂ ಬೇಡ. ಫಾರ್ಮ್ಯಾಟ್ ಮಾಡಿದ್ರೆ ಸಿ5 ಸೊನ್ನೆಗೆ ಇಳಿದು ಹಳದಿ ಹೋಗಿ ನೀಲಿ ಬಂದ್ರೂ ಬರ್ಬಹುದು, ಕೆಟ್ಟ ಜಾಗದ ಮೇಲೆ ಹೊಸದಾಗಿ ಬರೆದಾಗ ಒಂದೋ ಸರಿ ಅಂತ ಬಿಡುತ್ತೆ ಇಲ್ಲ ಬದಲಿ ಜಾಗಕ್ಕೆ ಸಾಗಿಸುತ್ತೆ, ಆದ್ರೆ ಕಿರ್ ಅನ್ನೋ ಹೆಡ್ಡು ಅದೇ ಹೆಡ್ಡೇ. ವಿಡಿಯೊ ಕಥೆ ಮುಗಿದು, ಇಮೇಜ್‌ನ ಎರಡನೇ ಕಾಪಿ ಬೇರೆ ಕಡೆ ಆಗೋವರೆಗೂ ಡ್ರಾಯರಲ್ಲೇ ಇರ್ಲಿ.

ಮಸಿಕಡ್ಡಿ
ಅನ್‌ಟ್ರಂಕ್ ಹಾಕಿದೆ, ವಿಡಿಯೊ ಬಂತು, ಮಧ್ಯೆ ಒಂದು ಕಡೆ ಚಿತ್ರ ಕಿತ್ತು ಹೋಗುತ್ತೆ, ಮಾತು ಮಾತ್ರ ಕೇಳುತ್ತೆ, ಪರವಾಗಿಲ್ಲ. ಎರಡನೇ ಕಾಪಿ ಈಗ ಓಡ್ತಿದೆ. ಮಾಡರೇಟರ್ ಯಾರಾದ್ರೂ ಇದಕ್ಕೆ "ಪರಿಹಾರ ಸಿಕ್ಕಿದೆ" ಅಂತ ಗುರುತು ಹಾಕ್ಬಿಡಿ.